ಗೋಡೆ ತಡೆದಷ್ಟು ಹೊತ್ತು

ಸುಲ್ತಾನ್ ಬಜಾರಿನ ಗೋದಾಮಿಗೆ ಬೆಂಕಿ ಬಿದ್ದು ಅರ್ಧ ತಾಸಾಗುತ್ತ ಬಂದಿತ್ತು. ಅಗ್ನಿಶಾಮಕದ ಗಾಡಿ ಗಲ್ಲಿಯ ಬಾಯಲ್ಲೇ ಸಿಕ್ಕಿಕೊಂಡಿತ್ತು. ಪಕ್ಕದ ಸೀರೆ ಅಂಗಡಿಯ ಅಮರೇಶಪ್ಪ, ಅಂದು ಮನೆಗೆ ಬಂದಿದ್ದ ತಂಗಿಯ ಮಗಳು ವಿಜಯಶ್ರೀಯ ತೋಳು ಹಿಡಿದು ಕೇಳಿದರು:

“ಅವ್ವಿ, ಕಾಲೇಜಿನ್ಯಾಗ ನೀ ಈ ಶಾಖದ ಲೆಕ್ಕಾನ ಕಲಸ್ತಿಯಲ್ಲ. ನಡುವಿನ ಗ್ವಾಡಿ ಎಷ್ಟೊತ್ತು ತಡೀತೈತಿ?”

ಹೊಗೆಗೆ ಅವಳ ಕಣ್ಣು ಉರಿಯುತ್ತಿತ್ತು. ಗೋಡೆಯೊಳಗೆ ಎಲ್ಲೆಲ್ಲಿ ಎಷ್ಟು ಬಿಸಿ ಎಂದು ಕರಾರುವಾಕ್ಕಾಗಿ ಹುಡುಕುತ್ತ ಕೂರುವ ಹೊತ್ತಲ್ಲ ಅದು. ಒಳಗಿಳಿದಂತೆ ಬಿಸಿ ಒಂದು ಪರವಲಯದ ಆಕಾರದಲ್ಲಿ ಕಡಿಮೆಯಾಗುತ್ತದೆಂದು ಊಹಿಸಿ, ಹೊಕ್ಕ ಒಟ್ಟು ಶಾಖವನ್ನು ಅನುಕಲನದಿಂದ ಸರಿದೂಗಿಸಿದರೆ, ಅದು ಎಷ್ಟು ಆಳ ಮುಟ್ಟಿದೆ ಎಂಬ ಅಂದಾಜು ಸಿಗುತ್ತದೆ. ಒಂಬತ್ತಿಂಚಿನ ಇಟ್ಟಿಗೆ ಗೋಡೆ. ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

“ಎರಡ್ ತಾಸು ಏನೂ ಆಗಂಗಿಲ್ಲ ಮಾಮಾ.”

ಅಂದದ್ದೇ ತಡ, ಅಮರೇಶಪ್ಪ ಒಳಗೆ ನುಗ್ಗಿ ಸೀರೆ ಗಂಟುಗಳನ್ನು ಹೊತ್ತು ತಂದು ಬೀದಿಗೆ ಎಸೆಯತೊಡಗಿದರು. ಅವರ ಹೆಂಡತಿ ಶಿವದೇವಿ ಅವನ್ನು ದೂರಕ್ಕೆ ಎಳೆದು ಒಟ್ಟುತ್ತಿದ್ದರು.

“ಮಾಡದಾಗಿನ ರೇಷ್ಮಿ ಅಷ್ಟ ಉಳದೈತಿ,” ಎಂದು ಅಮರೇಶಪ್ಪ ಮತ್ತೆ ಒಳಹೊಕ್ಕರು.

ವಿಜಯಶ್ರೀ ಥಟ್ಟನೆ ಶಿವದೇವಿಯತ್ತ ತಿರುಗಿದಳು. “ಅತ್ತಿ, ಆ ಮಾಡ ಯಾವ ಗ್ವಾಡ್ಯಾಗೈತ್ರಿ?”

“ಇದ ನಡುವಿನ ಗ್ವಾಡ್ಯಾಗ. ಅರ್ಧ ಕೊರದು ಮಾಡ್ಸ್ಯಾರ. ಯಾಕವ್ವಿ?”

ಆ ಗೂಡಿನ ಹಿಂದೆ ಗೋಡೆ ಅರ್ಧವೇ ದಪ್ಪ. ದಪ್ಪ ಅರ್ಧವಾದರೆ ಸಮಯ ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಎರಡು ತಾಸಿನ ಕಾಲು ಭಾಗವೆಂದರೆ ಅರ್ಧ ತಾಸು; ಅದು ಆಗಲೇ ಮುಗಿದಿತ್ತು.

ದುಪಟ್ಟಾ ಮೂಗಿಗೆ ಒತ್ತಿಕೊಂಡು ಓಡಿದಳು. ಹಿಂದಿನ ಕೋಣೆಯಲ್ಲಿ ಮಾವ ಸ್ಟೂಲಿನ ಮೇಲೆ ನಿಂತು ಮಾಡದೊಳಗೆ ಕೈ ಚಾಚಿದ್ದರು. ಸುತ್ತಲಿನ ಗಾರೆ ಉಬ್ಬಿ ಚಟಚಟ ಸಿಡಿಯುತ್ತಿತ್ತು. ಅವಳು ಅಂಗಿ ಹಿಡಿದು ಜಗ್ಗಿದಳು.

“ಬಿಡವ್ವಿ, ಒಂದ ಗಂಟು—”

“ನನ್ನ ಲೆಕ್ಕ ತಪ್ಪೈತಿ ಮಾಮಾ! ನಡೀರಿ!”

ಅವಳ ಮುಖ ನೋಡಿದ ಅಮರೇಶಪ್ಪ ಕೆಳಗೆ ಹಾರಿದರು. ಇಬ್ಬರೂ ಹೊಸ್ತಿಲು ದಾಟುವಷ್ಟರಲ್ಲಿ ಹಿಂದೆ ಇಟ್ಟಿಗೆಗಳು ದಡದಡ ಉರುಳಿದವು. ಆ ಕಿಂಡಿಯಿಂದ ಬೆಂಕಿ ಕೋಣೆಯೊಳಗೆ ನುಗ್ಗಿತು.

“ಹಟೋ, ಹಟೋ!” ಎಂದು ಜನರನ್ನು ಸರಿಸುತ್ತ ಅಗ್ನಿಶಾಮಕದವರು ಉದ್ದನೆಯ ಪೈಪು ಎಳೆದುಕೊಂಡು ಬಂದರು.

ಅಂಗಡಿಯ ಮುಂಭಾಗವಷ್ಟೇ ಉಳಿಯಿತು. ಎದುರಿನ ಕಟ್ಟೆಯ ಮೇಲೆ ಕೂತ ಅಮರೇಶಪ್ಪನವರ ಬೊಬ್ಬೆಯೆದ್ದ ಕೈಗೆ ಶಿವದೇವಿ ನೀರು ಸುರಿಯುತ್ತ ಬೈಯುತ್ತಲೇ ಇದ್ದರು, ನಡುನಡುವೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ವಿಜಯಶ್ರೀ ತಪ್ಪಿದ ಲೆಕ್ಕವನ್ನೇ ನೆನೆಯುತ್ತ ದೂರ ನಿಂತಿದ್ದಳು. ಮಾವ ಸರಿದು ಅವಳಿಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.