ಬಾಬಿನ್‌ನ ಹೊಟ್ಟೆ, ಅಜ್ಜಿಯ ಹಾಲು

ದರ್ಜಿಯ ಮನೆಯ ಬೆಕ್ಕಿಗೆ ಮತ್ತೆ ಹೊಟ್ಟೆ ಕೆಟ್ಟಿತ್ತು. ಈ ಸಲ ಅದು ಕಕ್ಕಿದ್ದು ನೆಲದ ಮೇಲಲ್ಲ, ಗಿರಾಕಿಯೊಬ್ಬರ ಕೋಟಿನ ಬಟ್ಟೆಯ ಮೇಲೆ.

"ಅಮ್ಮಾ, ಇದೇ ಕೊನೆ," ಎಂದು ದರ್ಜಿ ಕತ್ತರಿ ಕೆಳಗಿಟ್ಟ. "ಇನ್ನೊಂದು ಸಲ ಬಟ್ಟೆ ಹಾಳು ಮಾಡಿದ್ರೆ ಇದನ್ನ ಹಿಟ್ಟಿನ ಗಿರಣಿಗೆ ಬಿಟ್ಟು ಬರ್ತೀನಿ. ಅಲ್ಲಿ ಇಲಿನಾದ್ರೂ ಹಿಡ್ಕೊಂಡು ಇರ್ಲಿ."

ಅವನ ತಾಯಿ, ಆ ಮನೆಯ ಅಜ್ಜಿ, ಹೊಲಿಗೆ ಯಂತ್ರದ ಕೆಳಗೆ ಮುದುಡಿದ್ದ ಬೆಕ್ಕನ್ನು ಎತ್ತಿ ಮಡಿಲಿಗೆ ಹಾಕಿಕೊಂಡರು. ಬೆನ್ನಿನ ಮೂಳೆ ಕೈಗೆ ಚುಚ್ಚಿತು. ಯಂತ್ರದಲ್ಲಿ ದಾರ ಸುತ್ತಿಡುವ ಬಾಬಿನ್ ಉರುಳೆಯ ಹಾಗೆ ದುಂಡಗಿದ್ದ ಮರಿಗೆ ಅದೇ ಹೆಸರಿಟ್ಟಿದ್ದರು. ಈಗ ದಾರವೆಲ್ಲ ಬಿಚ್ಚಿಹೋಗಿತ್ತು. ಅಜ್ಜ ತೀರಿಕೊಂಡ ಮೇಲೆ ಅಜ್ಜಿಯ ಕಾಲ ಬಳಿ ಬೆಚ್ಚಗೆ ಮಲಗುತ್ತಿದ್ದ ಜೀವ ಇದೊಂದೇ. ಅದಿಲ್ಲದ ಮಂಚವನ್ನು ನೆನೆಯಲೂ ಅವರಿಗೆ ಆಗುತ್ತಿರಲಿಲ್ಲ.

"ಅತ್ತೆ, ಪಶು ಆಸ್ಪತ್ರೆಗೆ ಹೋಗೋಣ, ನಡೀರಿ," ಎಂದಳು ಸೊಸೆ.

"ಬೆಕ್ಕಿಗೂ ಆಸ್ಪತ್ರೆನಾ? ನನ್ನ ಹೊಟ್ಟೆ ಮಾತ್ರೇಲಿ ಅರ್ಧ ಮುರಿದು ಕೊಟ್ರೆ ಸರಿಹೋಗುತ್ತೆ, ಬಿಡು."

"ಅಯ್ಯೋ, ಬೇಡಿ. ಒಂದ್ಸಲ ಡಾಕ್ಟರಮ್ಮನ್ನ ಕೇಳೋಣ."

ಬಾಬಿನ್ ಬುಟ್ಟಿಯಲ್ಲಿ ಕೂತಿತು. ಬುಟ್ಟಿ ಹೊರಲು ದರ್ಜಿಯೂ ಗೊಣಗುತ್ತಲೇ ಬಂದ.

ಡಾಕ್ಟರಮ್ಮ ಬೆಕ್ಕಿನ ಹೊಟ್ಟೆ ಒತ್ತಿ ನೋಡಿದರು, ಜ್ವರ ನೋಡಿದರು, ಮಲ ಪರೀಕ್ಷೆ ಮಾಡಿಸಿದರು. "ಹುಳು ಇಲ್ಲ, ಜ್ವರ ಇಲ್ಲ. ಏನು ತಿನ್ನಿಸ್ತೀರಿ ಇದಕ್ಕೆ?"

"ಒಂಚೂರು ಮೀನು, ಅನ್ನ," ಎಂದಳು ಸೊಸೆ.

"ಟೀ ಹೊತ್ತಿಗೆ ಒಂಚೂರು ಹಾಲು," ಎಂದರು ಅಜ್ಜಿ.

ದರ್ಜಿ ಗಂಟಲು ಸರಿಮಾಡಿಕೊಂಡ. "ನಾನೂ... ಒಂಚೂರು ಬಿಸ್ಕತ್ತು ಹಾಕ್ತೀನಿ. ನಮ್ಮಲ್ಲಿ ಇಸ್ತ್ರಿ ಹಾಕೋ ಅಕ್ಕನ ಗಂಡ, ನಮ್ಮ ಭಾವ, ದಿನಾ ಆಮ್ಲೆಟ್ ಚೂರು ಕೊಡ್ತಾರೆ. ಈರುಳ್ಳಿ ಆಮ್ಲೆಟ್."

ಸೊಸೆ ಗಂಡನ ಕಡೆ ತಿರುಗಿ ನೋಡಿದಳು. "ಸರಿಹೋಯ್ತು! ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತೆ ಅಂತಾರೆ. ನಮ್ಮನೇಲಿ ಕೊಡೋರೇ ಕಣ್ಣು ಮುಚ್ಕೊಂಡು ಕೊಟ್ಟಿದ್ದಾರೆ."

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. "ನಿಮ್ಮೆಲ್ಲರ ಒಂಚೂರೂ ಸೇರಿ ಇದರ ಹೊಟ್ಟೇಲಿ ಸಂತೆ ನೆರೆದಿದೆ. ಇದರ ಹೊಟ್ಟೆ ತುಂಬಾ ಸೂಕ್ಷ್ಮ. ಮೊದಲು ಹಾಲು ನಿಲ್ಲಿಸಿ, ಅಜ್ಜಿ."

"ಬೆಕ್ಕಿಗೆ ಹಾಲು ಬೇಡ್ವಾ! ನಾಳೆ ಮೀನಿಗೆ ನೀರು ಬೇಡ ಅಂತೀಯೇನಮ್ಮ?"

"ಮರಿಯಾಗಿದ್ದಾಗ ತಾಯಿ ಹಾಲು ಅರಗುತ್ತೆ, ಅಜ್ಜಿ. ಬೆಳೆದ ಮೇಲೆ ತುಂಬಾ ಬೆಕ್ಕುಗಳಿಗೆ ಹಾಲು ಅರಗಿಸೋ ಶಕ್ತಿ ಇರಲ್ಲ. ಆಸೆಪಟ್ಟು ಕುಡಿಯುತ್ತೆ, ಆಮೇಲೆ ಒದ್ದಾಡುತ್ತೆ. ಕುಡಿಯೋಕೆ ಒಳ್ಳೆ ನೀರಿಡಿ. ಸದ್ಯಕ್ಕೆ ಕೋಳಿ ಬೇಯಿಸಿ, ಮೂಳೆ ತೆಗೆದು, ಉಪ್ಪು ಖಾರ ಎಣ್ಣೆ ಏನೂ ಇಲ್ಲದೆ ಸ್ವಲ್ಪ ಸ್ವಲ್ಪ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ, ಸೋಕಿಸಲೇಬೇಡಿ."

"ಆಮೇಲೂ ಬರೀ ಕೋಳೀನೇ ಹಾಕೋದಾ?" ಸೊಸೆ ಕೇಳಿದಳು.

"ಇಲ್ಲ, ಅದೊಂದರಲ್ಲೇ ಪೂರ್ತಿ ಪೋಷಣೆ ಸಿಗಲ್ಲ. ಹೊಟ್ಟೆ ಸರಿಹೋದ ಮೇಲೆ ಬೆಕ್ಕಿಗಂತಲೇ ಮಾಡಿರೋ ಆಹಾರ ಒಂದನ್ನ ಹೇಳ್ತೀನಿ. ಕೋಳಿ ಜೊತೆ ಚೂರು ಚೂರು ಬೆರೆಸ್ತಾ, ಒಂದು ವಾರ ಹತ್ತು ದಿನದಲ್ಲಿ ನಿಧಾನವಾಗಿ ಅದಕ್ಕೇ ಒಗ್ಗಿಸಿ. ದಿನಕ್ಕೊಂದು ರುಚಿ ಬದಲಾಯಿಸಬೇಡಿ."

"ಮನೇಲಿರೋ ನಮ್ಮ ಮಾತ್ರೆ ಕೊಡಬಹುದಾ?" ಸೊಸೆ ಅತ್ತೆಯ ಕಡೆ ನೋಡುತ್ತಾ ಕೇಳಿದಳು.

"ಅಪ್ಪಿತಪ್ಪಿಯೂ ಬೇಡ. ಮನುಷ್ಯರ ಮಾತ್ರೆ ಬೆಕ್ಕಿನ ಪ್ರಾಣಾನೇ ತೆಗೀಬಹುದು."

ಅಜ್ಜಿ ಸೆರಗಿನ ತುದಿಯಲ್ಲಿದ್ದ ಮಾತ್ರೆಯ ಗಂಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು.

ಡಾಕ್ಟರಮ್ಮ ಹೇಳಿದ ಹಾಗೇ ಸೊಸೆ ಮಾಡಿದಳು. ಬಾಬಿನ್ ಚೇತರಿಸಿಕೊಂಡಿತು. ದರ್ಜಿಯ ಬಿಸ್ಕತ್ತು ನಿಂತಿತು, ಭಾವನ ಆಮ್ಲೆಟ್ ನಿಂತಿತು. ಹಾಲು ಬೇಡವೆಂದು ಅಜ್ಜಿಗೆ ಮಾತ್ರ ಮತ್ತೊಮ್ಮೆ ಹೇಳಲು ಯಾರಿಗೂ ಧೈರ್ಯ ಬರಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅನ್ನುತ್ತಾರಲ್ಲ, ಆ ಮನೆಯಲ್ಲಿ ಅಜ್ಜಿಗೇ ಗಂಟೆ ಕಟ್ಟುವವರಿರಲಿಲ್ಲ.

ಒಂದು ಮಧ್ಯಾಹ್ನ ಅಜ್ಜಿ ಹಾಲು ಕುಡಿಯಲು ಕೂತಾಗ ಬಾಬಿನ್ ಬಂದು ಅವರ ಕಾಲಿಗೆ ಮೈ ಉಜ್ಜಿತು. ಮುಖ ನೋಡಿ ಮಿಯಾಂವ್ ಅಂದಿತು. ಅಜ್ಜಿಯ ಕರುಳು ಚುರುಕ್ ಎಂದಿತು. ಒಂದು ಗುಟುಕಿಗೆ ಏನಾಗುತ್ತೆ ಅಂದುಕೊಂಡು ತಟ್ಟೆಗೆ ಹಾಲು ಬಗ್ಗಿಸಿದರು.

ಸಂಜೆಯೊಳಗೆ ಹೊಲಿದಿಟ್ಟ ಶಾಲೆಯ ಅಂಗಿಗಳ ರಾಶಿ ಗಲೀಜಾಗಿತ್ತು. ದರ್ಜಿ ಬೈಯಲಿಲ್ಲ. ಸುಮ್ಮನೆ ಬುಟ್ಟಿ ತಂದು ಬಾಬಿನ್‌ನನ್ನು ಒಳಗಿಟ್ಟು ಮುಚ್ಚಿದ.

ಅಜ್ಜಿ ಬಾಗಿಲಿಗೆ ಅಡ್ಡ ನಿಂತರು. "ಅದರ ತಪ್ಪಲ್ಲ ಕಣೋ. ಹಾಲು ಕೊಟ್ಟಿದ್ದು ನಾನು. ಕಳಿಸೋದಾದ್ರೆ ನನ್ನನ್ನೂ ಅದರ ಜೊತೆ ಗಿರಣೀಲೇ ಬಿಟ್ಟು ಬಾ." ಬುಟ್ಟಿಯ ಮೇಲೆ ಕೈಯಿಟ್ಟರು. "ಬಾಯಿಲ್ಲದ ಜೀವ ಬಂದು ಕೇಳಿದಾಗ ಇಲ್ಲ ಅನ್ನೋದು ಹೆಂಗೆ? ಕೊಡೋದೇ ಅಲ್ವೇನೋ ಪ್ರೀತಿ?"

ಸೊಸೆ ಬಂದು ಅತ್ತೆಯ ಕೈ ಹಿಡಿದಳು. "ಅತ್ತೆ, ನಿಮಗೆ ಹೊಟ್ಟೆ ಹುಣ್ಣಾಗಿದ್ದಾಗ ನೀವು ಖಾರ ಕೇಳಿದ್ರಿ. ನಾನು ಕೊಡಲಿಲ್ಲ. ಸೊಸೆ ಉಪವಾಸ ಕೆಡವ್ತಾಳೆ ಅಂತ ನನ್ನ ಜೊತೆ ಮಾತೇ ಬಿಟ್ಟಿದ್ರಿ. ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತನಾ ನಾನು ಕೊಡದೇ ಇದ್ದಿದ್ದು?"

ಅಜ್ಜಿ ಸೊಸೆಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು, "ನಿನ್ನ ಸಪ್ಪೆ ಗಂಜಿ ಕುಡಿದೇ ನಾನು ಉಳ್ಕೊಂಡಿದ್ದು ಕಣೇ," ಎಂದರು. ಈ ಮಾತು ಇಷ್ಟು ದಿನ ಅವರ ಬಾಯಿಂದ ಬಂದಿರಲಿಲ್ಲ. ಸೊಸೆಯ ಕಣ್ಣು ತುಂಬಿತು.

ಅವಳು ಬೆಕ್ಕಿನ ಬಟ್ಟಲು ತಂದು ಅತ್ತೆಯ ಕೈಗೆ ಕೊಟ್ಟಳು. "ಇನ್ಮೇಲೆ ಇದಕ್ಕೆ ಊಟ ಹಾಕೋರು ನೀವೊಬ್ಬರೇ. ನಾವ್ಯಾರೂ ಕೈ ಹಾಕಲ್ಲ."

ದರ್ಜಿ ಅಮ್ಮನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಬುಟ್ಟಿಯ ಮುಚ್ಚಳ ತೆಗೆದ.

ಅಂದಿನಿಂದ ಅಜ್ಜಿಯ ಕಣ್ಣು ತಪ್ಪಿಸಿ ಆ ಮನೆಯಲ್ಲಿ ಒಂದು ಚೂರೂ ಬೆಕ್ಕಿನ ಬಾಯಿಗೆ ಹೋಗಲಿಲ್ಲ. ಇಸ್ತ್ರಿ ಹಾಕುವ ಅಳಿಯನಿಗೂ, "ಅಳಿಯಂದ್ರೇ, ಆಮ್ಲೆಟ್ ಪೂರ್ತಿ ನೀವೇ ತಿನ್ನಿ," ಎಂದು ನೇರವಾಗಿ ಹೇಳಿದರು. ಬಾಬಿನ್ ಮೈ ಕೈ ತುಂಬಿಕೊಳ್ಳುತ್ತಾ ಬಂತು. ಆದರೆ ಹಾಲಿನ ಆಸೆ ಬಿಡಲಿಲ್ಲ. ಅಜ್ಜಿ ಲೋಟ ಹಿಡಿದರೆ ಸಾಕು, ಸೂರು ಹಾರಿಹೋಗುವ ಹಾಗೆ ಕೂಗುತ್ತಿತ್ತು.

"ಕೂಗು ಮಗನೇ, ಕೂಗು," ಎನ್ನುತ್ತಿದ್ದರು ಅಜ್ಜಿ, ಅದರ ತಲೆ ಸವರುತ್ತಾ. "ನಾನೂ ಹಿಂಗೇ ಕೂಗಾಡಿದ್ದೆ. ನನ್ನ ಸೊಸೆ ಸೋಲಲಿಲ್ಲ. ನಾನೂ ಸೋಲಲ್ಲ."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ಬೆಕ್ಕಿಗೂ ಪದೇ ಪದೇ ವಾಂತಿ ಭೇದಿ ಆಗುತ್ತಿದೆಯೇ? ಇವತ್ತೇ ಮನೆಯವರನ್ನೆಲ್ಲ ಕೂರಿಸಿಕೊಂಡು, ಯಾರು ಯಾರು ಏನೇನು ಕೊಡುತ್ತಿದ್ದೀರಿ ಅಂತ ಕೇಳಿ. ಊಟ ಹಾಕುವ ಕೈ ಒಂದೇ ಇರಲಿ, ಆಹಾರ ಒಂದೇ ಇರಲಿ, ಬದಲಾಯಿಸುವುದಿದ್ದರೆ ನಿಧಾನವಾಗಿ ಬದಲಾಯಿಸಿ. ಬೆಕ್ಕು ಒಂದು ದಿನ ಊಟ ಬಿಟ್ಟರೆ, ವಾಂತಿ ನಿಲ್ಲದಿದ್ದರೆ, ರಕ್ತ ಕಂಡರೆ, ಮನೆಮದ್ದು ಹುಡುಕುತ್ತಾ ಕೂರದೆ ಪಶು ವೈದ್ಯರ ಹತ್ತಿರ ಓಡಿ. ಅದು ಹಾಲಿಗಾಗಿ ಕೂಗಿದಾಗ ನಿಮ್ಮ ಕರುಳೂ ಚುರುಕ್ ಎನ್ನುತ್ತದೆ. ಆಗ ಎತ್ತಿ ಮಡಿಲಲ್ಲಿ ಕೂರಿಸಿಕೊಳ್ಳಿ, ಹಾಲು ಮಾತ್ರ ಬೇಡ.