ಯಾರ ಪೈಕಿ?

ಕಬ್ಬಿಣದ ಗೇಟು ಮಾಡುವ ಅಂಗಡಿ. ಗ್ರೈಂಡರ್ ಕಿರುಚುತ್ತಿತ್ತು. ಕಿಡಿಗಳು ಮೈದುನನ ಮುಖದತ್ತ ಹಾರುತ್ತಿದ್ದವು, ಕಣ್ಣಿಗೆ ಮರೆಯೇ ಇರಲಿಲ್ಲ. ಕಿಡಿ ತಡೆಯುವ ಅವನ ಕನ್ನಡಕ ಹಿಡಿದು ಅತ್ತಿಗೆ ಮನೆಯಿಂದ ಓಡಿ ಬಂದಳು. ಅವಳು ಕಣ್ಣಾಸ್ಪತ್ರೆಯ ನರ್ಸ್, ಕಬ್ಬಿಣದ ಚೂರು ಹೊಕ್ಕ ಕಣ್ಣುಗಳಿಗೆ ಪಟ್ಟಿ ಕಟ್ಟಿದವಳು. ಸೀದಾ ಹೋಗಿ ಸ್ವಿಚ್ ಆರಿಸಿದಳು.

"ಮರೆತು ಬಂದಿಲ್ಲ ಅತ್ತಿಗೆ, ಬೇಕಂತಲೇ ಬಿಟ್ಟು ಬಂದೆ," ಎಂದ ಮೈದುನ. "ಈ ವರ್ಷ ನಮ್ಮ ಬೀದೀಲಿ ಎಂಟು ಜನರ ಕಣ್ಣಿಗೆ ಪೆಟ್ಟಾಯ್ತು. ಅದರಲ್ಲಿ ನಾಲ್ಕು ಜನ ಕನ್ನಡಕ ಹಾಕಿದ್ದೋರೇ. ಅರ್ಧಕ್ಕರ್ಧ. ಹಾಕಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಬೆವರಿಗೆ ಮಂಜಾಗೋದೊಂದೇ ಲಾಭ."

ಲೆಕ್ಕದಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ಧಾಟಿ.

"ನಾಲ್ಕು ಸರಿ. ಯಾರ ಪೈಕಿ ನಾಲ್ಕು?"

"ಪೆಟ್ಟಾದೋರ ಪೈಕಿ."

"ನಿನಗಿನ್ನೂ ಪೆಟ್ಟಾಗಿಲ್ವಲ್ಲ. ಆ ಗುಂಪಿಗೆ ಈಗ್ಲೇ ಯಾಕೆ ಸೇರ್ಕೋತೀಯ?"

ಅತ್ತಿಗೆ ನಾಲ್ಕು ಖಾನೆಯ ಖಾಲಿ ಡಬ್ಬಿಯೊಂದನ್ನು ಎಳೆದುಕೊಂಡಳು. ಮೇಲಿನ ಸಾಲು ಕನ್ನಡಕ ಹಾಕುವವರದು, ಕೆಳಗಿನದು ಹಾಕದವರದು. ಎಡಕ್ಕೆ ಪೆಟ್ಟಾದವರು, ಬಲಕ್ಕೆ ಆಗದವರು. ಒಬ್ಬರಿಗೆ ಒಂದು ನಟ್ಟು.

"ನಿನ್ನ ಬಿಟ್ರೆ ಬೀದೀಲಿ ಗ್ರೈಂಡರ್ ಹಿಡಿಯೋರು ನಲವತ್ತೆಂಟು ಜನ. ಕನ್ನಡಕ ಹಾಕೋರೆಷ್ಟು?"

ಅವನು ಅಂಗಡಿ ಅಂಗಡಿ ನೆನೆದು, "ನಲವತ್ತು," ಎಂದ.

ಮೇಲಿನ ಸಾಲಿನಲ್ಲಿ ಎಡಕ್ಕೆ ನಾಲ್ಕು, ಬಲಕ್ಕೆ ಮೂವತ್ತಾರು ನಟ್ಟು ಬಿದ್ದವು. ಕೆಳಗಿನ ಸಾಲಿನಲ್ಲಿ ಎಡಕ್ಕೆ ನಾಲ್ಕು, ಬಲಕ್ಕೂ ನಾಲ್ಕು.

ಎಡಗಡೆಯ ಖಾನೆಗಳನ್ನು ನೋಡಿ ಮೈದುನ ನಕ್ಕ. "ಮೇಲೆ ನಾಲ್ಕು, ಕೆಳಗೆ ನಾಲ್ಕು. ನಾನು ಹೇಳಿದ್ದೇ ಬಂತಲ್ಲ."

"ನೀನು ಮೇಲಿಂದ ಕೆಳಕ್ಕೆ ನೋಡ್ತಿದ್ದೀಯ. ಅಡ್ಡಕ್ಕೆ ನೋಡು. ಹಾಕೋ ನಲವತ್ತು ಜನರ ಪೈಕಿ ನಾಲ್ಕು, ಅಂದ್ರೆ ಹತ್ತರಲ್ಲಿ ಒಬ್ಬ. ಹಾಕದ ಎಂಟು ಜನರ ಪೈಕಿ?"

ಅವನ ನಗು ಇಳಿಯಿತು. "ನಾಲ್ಕು. ಇಬ್ಬರಲ್ಲಿ ಒಬ್ಬ."

ಅತ್ತಿಗೆ ಇನ್ನೊಂದು ನಟ್ಟು ಎತ್ತಿದಳು. "ಇದು ನೀನು. ಎಡಕ್ಕೆ ಬೀಳ್ತೀಯೋ ಬಲಕ್ಕೋ, ಅದು ಯಾರ ಕೈಲೂ ಇಲ್ಲ. ಸಾಲು ಮಾತ್ರ ನಿನ್ನ ಕೈಲಿದೆ. ಯಾವ ಸಾಲಿಗೆ ಹಾಕ್ಲಿ?"

ಮೈದುನ ಆ ನಟ್ಟನ್ನು ತೆಗೆದುಕೊಂಡು ಮೇಲಿನ ಸಾಲಿಗೆ ಹಾಕಿದ. ಆಮೇಲೆ ಕನ್ನಡಕಕ್ಕೆ ಕೈ ಚಾಚಿದ.

"ಮಂಜಾದ್ರೆ?"

"ಮೆಷಿನ್ ನಿಲ್ಸಿ ಒರೆಸ್ಕೋ ಮಾರಾಯ."

ಗ್ರೈಂಡರ್ ಹಿಡಿಯುವ ಅಣ್ಣಂದಿರೇ, ಅಕ್ಕಂದಿರೇ, "ಕನ್ನಡಕ ಹಾಕಿದ್ದವರಿಗೂ ಪೆಟ್ಟಾಯಿತಂತೆ" ಎಂದು ಯಾರಾದರೂ ಅಂದರೆ, ಎಷ್ಟು ಜನರ ಪೈಕಿ ಎಂದು ಕೇಳಿ. ಉತ್ತರ ಬರುವ ತನಕ ಕನ್ನಡಕ ಕಣ್ಣಿನ ಮೇಲೇ ಇರಲಿ.