ಭಾನುವಾರದ ಮತ

ಶನಿವಾರ ಸಂಜೆ ಉಗಿಸ್ನಾನದ ಒಲೆಗೆ ಸೌದೆ ತುಂಬಿ ಬಂದ ಎಂಡೆಲ್, ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ತೆರೆದು ತನ್ನ ಮತ ಚಲಾಯಿಸಿದ. ಬಳಿಕ ತನ್ನದೇ ಪಾಕೀಟಿನಿಂದ ಹೆಂಡತಿಯ ಗುರುತಿನ ಕಾರ್ಡನ್ನು ತೆಗೆದು, ಅದರ ಗುಪ್ತ ಸಂಖ್ಯೆಯನ್ನು ಸರಾಗವಾಗಿ ಒತ್ತಿ, ಅವಳ ಮತವನ್ನೂ ಚಲಾಯಿಸಿದ. ತೆರಿಗೆಯಿಂದ ಔಷಧಿಯವರೆಗೆ ಅವಳ ಸರ್ಕಾರಿ ಕೆಲಸಗಳೆಲ್ಲ ವರ್ಷಗಳಿಂದ ಹೀಗೆಯೇ ನಡೆಯುತ್ತಿದ್ದವು.

ಬಟಾಣಿ ಸೂಪು ಕದಡುತ್ತಿದ್ದ ವೈಕೆ ಕೇಳಿದಳು: "ಯಾರಿಗೆ ಹಾಕ್ದೆ ನನ್ನ ವೋಟು?"

"ರೈವೊಗೆ, ಇನ್ಯಾರಿಗೆ? ಕೂತಲ್ಲೇ ಕೆಲಸ ಮುಗೀತು ನೋಡು ಮುದುಕಿ. ಎಸ್ಟೋನಿಯಾದಲ್ಲಿ ಹುಟ್ಟಿದ್ದಕ್ಕೆ ಹೆಮ್ಮೆಪಡು."

ರೈವೊ ಅವನ ಮೀನುಬೇಟೆಯ ಗೆಳೆಯ. ಊರಿನ ಸಮುದಾಯ ಭವನವನ್ನು ಮುಚ್ಚಿಸುವ ಮಾತಾಡಿಯೇ ಚುನಾವಣೆಗೆ ನಿಂತವನು. ಆ ಭವನದ ಗಾಯನ ತಂಡದಲ್ಲಿ ವೈಕೆ ಹರೆಯದಿಂದಲೂ ಹಾಡುತ್ತಿದ್ದಳು.

"ಸೋವಿಯತ್ ಕಾಲದಲ್ಲೂ ಚೀಟೀಲಿ ಒಂದೇ ಹೆಸರಿರ್ತಿತ್ತು," ಎಂದಳು ಅವಳು, ಸೌಟು ಕೆಳಗಿಟ್ಟು. "ಆದ್ರೆ ವೋಟು ಹಾಕೋಕೆ ಹೋದ್ರೆ ಅಂಗಡೀಲೆಲ್ಲೂ ಕಾಣದ ಕಿತ್ತಳೆ ಹಣ್ಣಾದ್ರೂ ಸಿಗ್ತಿತ್ತು. ನಿನ್ನ ರಾಜ್ಯದಲ್ಲಿ ಅದೂ ಇಲ್ಲ."

ಎಂಡೆಲ್ ನಗುತ್ತಾ ಟವೆಲ್ ಹೆಗಲಿಗೇರಿಸಿ ಸ್ನಾನಕ್ಕೆ ನಡೆದ. ಪಾಕೀಟು ಮೇಜಿನ ಮೇಲೆಯೇ ಉಳಿದಿತ್ತು.

ಮರುದಿನ ಶಾಲೆಯ ಮತಗಟ್ಟೆಯಲ್ಲಿ ಸಿಬ್ಬಂದಿಯ ಯುವತಿ ವೈಕೆಯ ಕಾರ್ಡನ್ನು ಪರಿಶೀಲಿಸಿ, ಪರದೆಯತ್ತ ನೋಡಿ ಹುಬ್ಬೇರಿಸಿದಳು. "ನೀವು ಆಗ್ಲೇ ಆನ್‌ಲೈನ್‌ನಲ್ಲಿ ವೋಟು ಹಾಕಿದ್ದೀರಲ್ಲ."

ವೈಕೆ ಮನಸ್ಸಿನಲ್ಲೇ ಅಳೆದು ನೋಡಿದಳು. ನಿಜ ಹೇಳಿದರೆ ಗಂಡ ಸಿಕ್ಕಿಬೀಳುತ್ತಾನೆ. ಸುಮ್ಮನೆ ಮರಳಿದರೆ ಭವನಕ್ಕೆ ಬೀಗ ಹಾಕಲು ತಾನೂ ಕೈಜೋಡಿಸಿದಂತೆ.

ಅಷ್ಟರಲ್ಲಿ ಯುವತಿ ಮತಪತ್ರವನ್ನು ಮುಂದೆ ಸರಿಸಿದಳು. "ಪರವಾಗಿಲ್ಲ. ಇವತ್ತು ಕಾಗದದಲ್ಲಿ ಹಾಕಿದ್ರೆ ಅದು ರದ್ದಾಗುತ್ತೆ. ಯಾಕೆ ಅಂತ ಇಲ್ಲಿ ಯಾರೂ ಕೇಳಲ್ಲ."

ಕಾನೂನು ಬರೆದವರು ತನ್ನ ಅಡುಗೆಮನೆಯನ್ನೂ ನೆನೆದೇ ಬರೆದಿದ್ದಾರೆ ಎನಿಸಿ ವೈಕೆಯ ಬೆನ್ನು ನೆಟ್ಟಗಾಯಿತು. ತನ್ನ ಅಭ್ಯರ್ಥಿಯ ಸಂಖ್ಯೆಯನ್ನು ಅವಳು ದಪ್ಪ ಅಂಕೆಗಳಲ್ಲಿ ಬರೆದಳು.

ಮನೆಗೆ ಬಂದು ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ತಿಳಿಸಿದಳು. ಎಂಡೆಲ್ ಮುಖ ಗಂಟಿಕ್ಕಿದ. "ರೈವೊಗೆ ಒಂದು ವೋಟು ಕಳೆದೆಯಲ್ಲ."

"ನಿನ್ನದು ಹಾಗೇ ಇದೆ. ಕಳೆದದ್ದು ನನ್ನದು, ಸಿಕ್ಕಿದ್ದೂ ನನಗೇ."

ಅದೇ ವಾರ ವೈಕೆ ಪಟ್ಟಣಕ್ಕೆ ಹೋಗಿ ತನ್ನ ಗುಪ್ತ ಸಂಖ್ಯೆಯನ್ನು ಬದಲಿಸಿಕೊಂಡು ಬಂದಳು. ಸಂಜೆ ತಾನೇ ಕಂಪ್ಯೂಟರ್ ಮುಂದೆ ಕುಳಿತು ಕಾರ್ಡು ತೂರಿಸಿದಾಗ ಹಿಂದೆ ಹೆಜ್ಜೆ ಸಪ್ಪಳವಾಯಿತು. ಎಂಡೆಲ್ ಅವಳ ಪಕ್ಕದಲ್ಲಿ ಒಂದು ಕಿತ್ತಳೆ ಹಣ್ಣನ್ನಿಟ್ಟ. ಅವಳ ಬೆರಳು ಮೊದಲ ಅಂಕೆಯತ್ತ ಸರಿಯುತ್ತಿದ್ದಂತೆ, ಅವನು ಕಿಟಕಿಯತ್ತ ಮುಖ ತಿರುಗಿಸಿ ನಿಂತ.